ಸೊಸೆ ಹಾಕಿದ ಮತ

ಹಾಲ್‌ಬೊಸ್ಟ್, ಲೂಯಿಸ್ ದ್ವೀಪ
೨೨ ಸೆಪ್ಟೆಂಬರ್ ೨೦೧೪

ಮಗಳೇ ಡೊರೋಟಾ,

ಶುಕ್ರವಾರ ನೀನು ಫೋನ್ ಮಾಡಿದ್ದೆ. ಆ ಕಡೆ ಯಾರೋ ಮಾತಾಡ್ತಿದ್ದಾರೆ ಅಂತ ಗೊತ್ತಾಯ್ತು, ಏನು ಮಾತಾಡ್ತಿದ್ದಾರೆ ಅಂತ ಗೊತ್ತಾಗಲಿಲ್ಲ. ನನ್ನ ಕಿವಿಯ ಮಿಷಿನ್ನು ಫೋನಿನ ಹತ್ತಿರ ಹೋದರೆ ಸಾಕು, ಕಾದ ಕೆಟಲ್ ಥರ ಶಿಳ್ಳೆ ಹೊಡೀತದೆ. ನಮಗಿಬ್ಬರಿಗೂ ಕಾಗದವೇ ಸರಿ. ನಿನ್ನೆ ಬರೆಯೋಣ ಅಂದ್ರೆ ಭಾನುವಾರ. ಈ ಊರಲ್ಲಿ ಭಾನುವಾರ ಬಟ್ಟೆ ಒಣಗಿಹಾಕಿದರೂ ಪಾಪ, ನಿನಗೆ ಗೊತ್ತಲ್ಲ. ಅದಕ್ಕೇ ಇವತ್ತು ಗಂಜಿ ಕುಡಿದವಳೇ ಬಂದು ಕೂತಿದ್ದೀನಿ.

ಸೋತ್ವಿ ಕಣಮ್ಮ. ಸ್ಕಾಟ್ಲೆಂಡ್ ಸ್ವಂತ ದೇಶ ಆಗಬೇಕಾ ಅಂತ ಕೇಳಿದ್ರು, ನೂರಕ್ಕೆ ಐವತ್ತೈದು ಜನ ಬೇಡ ಅಂದ್ರು. ನಾನು ಅದನ್ನ ಟಿವಿಯಲ್ಲಿ ನೋಡೋ ಮುಂಚೆ ಕ್ಯಾಲಮ್‌ನ ಮುಖದಲ್ಲೇ ಓದಿದೆ. ಐವತ್ತು ವರ್ಷದಿಂದ ನಮ್ಮ ಬೇಲಿಯಾಚೆ ಇರೋ ಮನುಷ್ಯ, ಮೊದಲಿಂದಲೂ 'ಬೇಡ' ಕಡೆಯವನು. ಶುಕ್ರವಾರ ಬೆಳಿಗ್ಗೆ ಗೇಟಿನ ಹತ್ತಿರ ನಿಂತಿದ್ದ. ನಗು ತಡ್ಕೊಂಡಿರೋ ಗಂಡಸು ಹಲ್ಲುನೋವು ಬಂದೋನ ಥರ ಕಾಣ್ತಾನೆ.

"ಚಳಿ ಜಾಸ್ತಿ ಅಲ್ವೇನೇ ಮರ್ಸೇಲಿ?" ಅಂದ.

"ಗೆದ್ದೋರಿಗೂ ಚಳಿಯಾಗುತ್ತೇನೋ?" ಅಂದೆ.

"ಗೆಲ್ಲೋಕೆ ನಾನೇನು ಕುಸ್ತಿ ಆಡಿದ್ನಾ?" ಅಂತ ಹೇಳಿ ಎರಡು ಬಂಗುಡೆ ಮೀನು ಗೇಟಿನ ಮೇಲಿಟ್ಟು ಹೋದ.

ನನ್ನ ಸೋಲಿಗೆ ಮೀನಿನ ಪರಿಹಾರ! ಎರಡನ್ನೂ ಬೆಕ್ಕಿಗೆ ಹಾಕಿದೆ. ಅದು ಮೀನು ಯಾವ ಪಕ್ಷದ್ದು ಅಂತ ಕೇಳದೆ ತಿಂತು. ಅವತ್ತಿಂದ ಕ್ಯಾಲಮ್ ಜೊತೆ ನನಗೆ ಮಾತಿಲ್ಲ. ಚರ್ಚಿನಲ್ಲೂ ಅದೇ ಕಥೆ. ದೇಶದ ಶಾಂತಿಗೆ ಅಂತ ಪಾದ್ರಿ ಪ್ರಾರ್ಥನೆ ಮಾಡಿದ್ರು. ಅರ್ಧ ಜನ ಕಣ್ಣು ಮುಚ್ಚಿಕೊಂಡ್ರು, ಅರ್ಧ ಜನ ಕೆಮ್ಮಿದ್ರು. ಕೆಮ್ಮಿದ್ದು ನನ್ನಂಥ ಕಿವುಡಿಗೂ ಕೇಳಿಸ್ತು.

ಹೋದ ಹೊಸವರ್ಷಕ್ಕೆ ಬಂದಾಗ ನನ್ನ ಮಗ ರೂರಿ ಕಿಟಕಿಗೆ ಅಂಟಿಸಿದ 'ಹೌದು' ಚೀಟಿ ಇತ್ತಲ್ಲ, ಶನಿವಾರ ತೆಗೆದೆ. ಪೂರ್ತಿ ಬರಲಿಲ್ಲ. ಬಿಸಿನೀರು ಹಾಕಿ ಉಜ್ಜಿದರೆ ಹೋಗುತ್ತೆ. ಉಜ್ಜಲಿಲ್ಲ.

ಆದರೆ ನಾನು ಕೂತಿದ್ದು ಅಳೋಕಲ್ಲ, ನಿನಗೆ ಥ್ಯಾಂಕ್ಸ್ ಹೇಳೋಕೆ. ರೂರಿಯ ಗೆಳೆಯ ಗ್ರೆಗರ್ ಕಳಿಸಿದ ಫೋಟೋ ಶನಿವಾರದ ಟಪಾಲಿಗೆ ಬಂತು. ರೂರಿಯ ನೀಲಿ ಬ್ಯಾಡ್ಜು ಚುಚ್ಚಿಕೊಂಡು ನೀನು ಮತಗಟ್ಟೆಯ ಮುಂದೆ ನಿಂತಿದ್ದೀಯ. ಆರು ತಿಂಗಳ ಹಿಂದೆ ಗಂಡನ್ನ ಮಣ್ಣು ಮಾಡಿದ ಹೆಂಗಸು, ಬೇರೆ ದೇಶದಲ್ಲಿ ಹುಟ್ಟಿದವಳು, ಅವನು ಹಾಕಬೇಕಾಗಿದ್ದ ಮತ ಹಾಕೋಕೆ ಹೋಗಿ ನಿಂತಿದ್ದಾಳೆ. ಸೋತರೂ ನನ್ನ ಮಗನ ಮತ ಪೆಟ್ಟಿಗೆಗೆ ಬಿತ್ತು. ಇದನ್ನ ನಾನು ಸಾಯೋತನಕ ಮರೆಯಲ್ಲ.

ಡಬ್ಬಿಯಲ್ಲಿ ಕರಿ ಪುಡಿಂಗ್ ಇಟ್ಟಿದ್ದೀನಿ, ಮೊಮ್ಮಗಳು ಮೋರ್ವನ್‌ಗೆ ಕಾಲುಚೀಲ ಇದೆ. ಏಳು ವರ್ಷದವಳಿಗೆ ಸರಿಹೋಗುತ್ತೆ ಅಂದುಕೊಂಡಿದ್ದೀನಿ, ಹೋಗದಿದ್ರೆ ಬರಿ.

ನಿನ್ನ ಅತ್ತೆ,
ಮರ್ಸೇಲಿ


ಗ್ಲಾಸ್ಗೋ
೫ ಅಕ್ಟೋಬರ್ ೨೦೧೪

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಕಾಗದ, ಡಬ್ಬಿ ಎರಡೂ ಬಂದವು. ಕಾಲುಚೀಲ ಸರಿಯಾಗಿದೆ. ಮೋರ್ವನ್ ಅದನ್ನು ಹಾಕಿಕೊಂಡೇ ಮಲಗುತ್ತಾಳೆ. ಉತ್ತರ ತಡವಾಯಿತು, ಕ್ಷಮಿಸಿ. ಮೂರು ಸಲ ಕೂತೆ, ಮೂರು ಸಲ ಎದ್ದೆ.

ಇಲ್ಲಿಯ ಸುದ್ದಿ ಹೇಳುತ್ತೇನೆ. ಆ ಶುಕ್ರವಾರ ಬೆಳಿಗ್ಗೆ ಬಸ್ಸಿನಲ್ಲಿ ಒಂದು ಮಾತಿಲ್ಲ. ಈ ಊರಿನ ಬಸ್ಸಿನಲ್ಲಿ ಯಾರೂ ಮಾತಾಡದೆ ಇರುವುದನ್ನು ಒಂಬತ್ತು ವರ್ಷದಲ್ಲಿ ನಾನು ನೋಡಿರಲಿಲ್ಲ. ಗ್ಲಾಸ್ಗೋದಲ್ಲಿ 'ಹೌದು' ಗೆದ್ದಿತು, ದೇಶದಲ್ಲಿ ಸೋತಿತು. ಹಾಗಾಗಿ ಎಲ್ಲರ ಮುಖವೂ ಮನೆಯಲ್ಲಿ ಸಾವಾದವರ ಮುಖ. ಶಾಲೆಯ ಅಡುಗೆಮನೆಯಲ್ಲಿ ನಮ್ಮ ಮುಖ್ಯ ಅಡುಗೆಯವರು ಆಗ್ನೆಸ್ ಬೇಳೆ ಸೂಪು ಕಲಕುತ್ತಾ ಅಳುತ್ತಿದ್ದರು. "ಈರುಳ್ಳಿ ಕಣೇ" ಅಂದರು. ಅವತ್ತು ಸೂಪಿಗೆ ಈರುಳ್ಳಿ ನಾನು ಹೆಚ್ಚಿದ್ದೆ, ಅವರಲ್ಲ.

ಅವತ್ತು ಸಂಜೆ ಜಾರ್ಜ್ ಚೌಕದಲ್ಲಿ ಗಲಾಟೆಯಾಯಿತು. ಗೆದ್ದೆವು ಅಂತ ಬಾವುಟ ಹಿಡಿದು ಬಂದವರು, ಸೋತು ಕೂತವರು, ನಡುವೆ ಕುದುರೆ ಮೇಲೆ ಪೊಲೀಸರು. ಟಿವಿಯಲ್ಲಿ ನೋಡಿ ಬಾಗಿಲಿಗೆ ಚಿಲಕ ಹಾಕಿಕೊಂಡೆ. ಆದರೆ ಆಮೇಲೆ ಅದೇ ಚೌಕದಲ್ಲಿ ಒಂದು ಕೆಲಸ ನಡೆಯಿತು. ಯಾರು ಶುರು ಮಾಡಿದರೋ ಗೊತ್ತಿಲ್ಲ, ಜನ ತಂದು ತಂದು ದಿನಸಿ ಇಟ್ಟರು. ಹಿಟ್ಟು, ಬೀನ್ಸ್ ಡಬ್ಬಿ, ಚಹಾ, ಮಕ್ಕಳ ಹಾಲಿನ ಪುಡಿ. ಇಲ್ಲದವರಿಗೆ ಹಂಚುವುದಕ್ಕೆ. ದೇಶ ಕಟ್ಟೋಕೆ ಬಿಡಲಿಲ್ಲ, ಊಟವನ್ನಾದರೂ ಹಾಕೋಣ ಅಂತ ಒಬ್ಬ ಅಜ್ಜ ಹೇಳುತ್ತಿದ್ದ. ನಾನೂ ಮೋರ್ವನ್ ಕೂಡ ಒಂದು ಚೀಲ ತೆಗೆದುಕೊಂಡು ಹೋದೆವು. ನಮ್ಮ ಪಕ್ಕದಲ್ಲಿ ಡಬ್ಬಿ ಇಡುತ್ತಿದ್ದ ಒಬ್ಬನ ಕೋಟಿನ ಮೇಲೆ 'ಬೇಡ' ಬ್ಯಾಡ್ಜು ಇತ್ತು. ಯಾರೂ ಅವನನ್ನು ಏನೂ ಅನ್ನಲಿಲ್ಲ. ಒಬ್ಬಳು ಹುಡುಗಿ ಅವನ ಕೈಯಿಂದ ಡಬ್ಬಿ ತೆಗೆದುಕೊಂಡು "ಥ್ಯಾಂಕ್ಯೂ ಅಣ್ಣ" ಅಂದಳು. ನಾನು ಅವನನ್ನೇ ನೋಡುತ್ತಾ ನಿಂತುಬಿಟ್ಟೆ. ಮೋರ್ವನ್ ಕೈ ಎಳೆದಳು.

ಗ್ರೆಗರ್ ಪ್ರತಿ ಶನಿವಾರ ಬರುತ್ತಾರೆ. ಬಡಗಿ ಕೆಲಸದಲ್ಲಿ ರೂರಿಯ ಜೊತೆ ಹದಿನೈದು ವರ್ಷ ಇದ್ದವರು, ಅವನ ಉಪಕರಣಗಳನ್ನು ಒಂದೊಂದಾಗಿ ಒರೆಸಿ ಎಣ್ಣೆ ಹಚ್ಚಿ ಇಡುತ್ತಿದ್ದಾರೆ. ಮಾಡಬೇಕಾದ್ದೇನೂ ಇಲ್ಲ, ಆದರೂ ಬರುತ್ತಾರೆ.

ನಿಮ್ಮ ಥ್ಯಾಂಕ್ಸಿಗೆ ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ. ಇನ್ನೊಂದು ಸಲ ಬರೆಯುತ್ತೇನೆ.

ನಿಮ್ಮ,
ಡೊರೋಟಾ


ಹಾಲ್‌ಬೊಸ್ಟ್
೨೭ ಅಕ್ಟೋಬರ್ ೨೦೧೪

ಮಗಳೇ ಡೊರೋಟಾ,

ನಿನ್ನ ಕಾಗದ ಎರಡು ಸಲ ಓದಿದೆ. ಚೌಕದ ಸುದ್ದಿ ಓದಿ ಮನಸ್ಸಿಗೆ ಸಮಾಧಾನ ಆಯ್ತು. ರೂರಿ ಇದ್ದಿದ್ರೆ ಅಲ್ಲೇ ಡಬ್ಬಿ ಹೊರ್ತಿದ್ದ.

ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಮಲಗಿದಾಗ ಊರಿನ ಮನೆಗಳನ್ನ ಬೆರಳಲ್ಲಿ ಎಣಿಸ್ತೀನಿ, ಇದು ಹೌದು, ಇದು ಬೇಡ, ಇದು ಗಂಡ ಹೌದು ಹೆಂಡತಿ ಬೇಡ. ಯಾರು ನಮ್ಮನ್ನ ಸೋಲಿಸಿದ್ದು ಅಂತ ಗೊತ್ತಾ? ಹೊರಗಿನಿಂದ ಬಂದೋರು. ಹಳೇ ಶಾಲೆಯ ಮನೆ ತಗೊಂಡ ಯಾರ್ಕ್‌ಶೈರ್ ಗಂಡ ಹೆಂಡತಿ ಇದ್ದಾರಲ್ಲ, ಕೋಳಿ ಸಾಕ್ಕೊಂಡು, ಬಂದು ಮೂರು ವರ್ಷ ಆಗಿಲ್ಲ, ಅವರಿಗೂ ಒಂದೊಂದು ಮತ. ನಾನು ಅವರ ಹತ್ತಿರ ಮೊಟ್ಟೆ ತಗೊಳ್ಳೋದು ಬಿಟ್ಟೆ. ಈ ಮಣ್ಣಲ್ಲಿ ಒಂದು ಮೂಳೆ ಇಲ್ಲದೋರು ಈ ಮಣ್ಣಿನ ಹಣೆಬರಹ ಬರೆದ್ರು. ಅಂಗಡಿ ಪೆಗಿಯೂ ಅದನ್ನೇ ಅಂತಾಳೆ.

ನೀನು ಮನಸ್ಸಿಗೆ ಹಚ್ಚಿಕೋಬೇಡ. ನಿನ್ನ ಬಗ್ಗೆ ಅಲ್ಲ ಇದು. ನೀನು ಹೊರಗಿನವಳಲ್ಲ, 'ಹೌದು' ಅಂದವಳು.

ಮಣ್ಣು ಕೂತಿದೆ, ವಸಂತಕ್ಕೆ ರೂರಿಯ ಸಮಾಧಿಗೆ ಕಲ್ಲು ನಿಲ್ಲಿಸಬಹುದು ಅಂತ ಕಲ್ಲುಕುಟಿಗ ಹೇಳಿದ. ಏನು ಕೆತ್ತಬೇಕು ಅಂತ ಯೋಚಿಸಿ ಬರಿ.

ನಿನ್ನ ಅತ್ತೆ,
ಮರ್ಸೇಲಿ


ಗ್ಲಾಸ್ಗೋ
೪ ನವೆಂಬರ್ ೨೦೧೪

ಅತ್ತೆಯವರಿಗೆ,

ಮೊನ್ನೆ ಭಾನುವಾರ ನಮ್ಮಲ್ಲಿ ಸತ್ತವರ ದಿನ. ಪೋಲೆಂಡಿನ ನಮ್ಮೂರು ಟಾರ್ನೂವ್‌ನಲ್ಲಿ ನಮ್ಮಮ್ಮ ಅಪ್ಪನ ಸಮಾಧಿಗೆ ದೀಪ ಇಟ್ಟಿರುತ್ತಾರೆ. ನನ್ನ ಗಂಡನ ಸಮಾಧಿ ಇಲ್ಲಿಂದ ಒಂದು ಹಗಲಿನ ದಾರಿ, ನಡುವೆ ಸಮುದ್ರ. ಹಾಗಾಗಿ ಅಡುಗೆಮನೆಯ ಕಿಟಕಿಯಲ್ಲಿ ದೀಪ ಹಚ್ಚಿದೆ. ಆ ದೀಪದ ಮುಂದೆ ಕೂತಾಗ ಇನ್ನು ಸುಳ್ಳು ಹೇಳಬಾರದು ಅನ್ನಿಸಿತು.

ನಾನು ಹಾಕಿದ್ದು 'ಬೇಡ'.

ಆ ಬ್ಯಾಡ್ಜು ನಾನು ಚುಚ್ಚಿಕೊಂಡದ್ದಲ್ಲ. ಮತಗಟ್ಟೆಯ ಬಾಗಿಲಲ್ಲಿ ಗ್ರೆಗರ್ ನಿಂತಿದ್ದರು. "ರೂರಿಯೂ ನಿನ್ನ ಜೊತೆ ಒಳಗೆ ಬರಲಿ ತಾಯಿ" ಅಂತ ನನ್ನ ಕೋಟಿಗೆ ಚುಚ್ಚಿ ಫೋಟೋ ತೆಗೆದರು. ಅವರ ಕಣ್ಣಲ್ಲಿ ನೀರಿತ್ತು. ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಒಳಗೆ ಹೋಗಿ ಕಾಗದದ ಮೇಲೆ ಬೇಡ ಅಂದೆ. ಹೊರಗೆ ಬಂದಾಗ ಅವರು ತಬ್ಬಿಕೊಂಡರು.

ಯಾಕೆ ಅಂತ ಹೇಳುತ್ತೇನೆ. ಯುರೋಪಿನ ಒಕ್ಕೂಟದಲ್ಲಿ ಈ ದೇಶ ಇರುವ ತನಕ ಪೋಲೆಂಡಿನವಳಾದ ನಾನು ಇಲ್ಲಿ ಇರಬಹುದು, ಕೆಲಸ ಮಾಡಬಹುದು. ಸ್ಕಾಟ್ಲೆಂಡ್ ಬೇರೆಯಾದರೆ ಒಕ್ಕೂಟದಿಂದ ಹೊರಗೆ ಬೀಳುತ್ತೆ ಅಂತ ಕೆಲವರು, ಇಲ್ಲ ಅಂತ ಕೆಲವರು. ಟಿವಿಯಲ್ಲಿ ದಿನಾ ಅದೇ ಜಗಳ. ರೂರಿ ಇದ್ದಾಗಲೂ ಒಳಗೆ ಭಯವಿತ್ತು, ಆದರೂ ಕೇಳಿಸಿಕೊಂಡು ನಗುತ್ತಿದ್ದೆ. ನನ್ನ ಪಕ್ಕದಲ್ಲಿ ಈ ದೇಶದ ಮನುಷ್ಯ ಒಬ್ಬ ಮಲಗಿರುತ್ತಿದ್ದ, ಆ ಭಯ ತಡೆದುಕೊಳ್ಳಬಹುದಿತ್ತು. ಅವನು ಹೋದ ಮೇಲೆ ಬಸ್ ಸ್ಟಾಪಿನಲ್ಲಿ ಒಬ್ಬ ಹೆಂಗಸು, ಪಾಪ, ಪ್ರೀತಿಯಿಂದಲೇ ಕೇಳಿದಳು: "ಇನ್ನು ನಿಮ್ಮೂರಿಗೆ ಹೋಗಿಬಿಡ್ತೀಯೇನಮ್ಮ?" ಅವತ್ತು ಮನೆಗೆ ಬಂದು ಮೋರ್ವನ್‌ಳ ಜನನಪತ್ರ, ನನ್ನ ಮದುವೆಯ ಕಾಗದ, ಪಾಸ್‌ಪೋರ್ಟು ಎಲ್ಲಾ ಮೇಜಿನ ಮೇಲೆ ಹರಡಿಕೊಂಡು ಕೂತೆ. ಯಾವ ಕಾಗದ ನಮ್ಮನ್ನು ಇಲ್ಲಿ ಉಳಿಸುತ್ತೆ ಅಂತ ಗೊತ್ತಾಗಲಿಲ್ಲ. ಏನೂ ಬದಲಾಗದೆ ಇದ್ದರೆ ಸಾಕು ಅನ್ನಿಸಿತು. ನನ್ನ ಜೀವನದಲ್ಲಿ ಆ ವರ್ಷಕ್ಕೆ ಆದ ಬದಲಾವಣೆ ಸಾಕಾಗಿತ್ತು.

ನೀವು ಥ್ಯಾಂಕ್ಸ್ ಬರೆದಾಗ ಸುಮ್ಮನಿದ್ದೆ. ಅದು ನನ್ನ ತಪ್ಪು. ನಿಮ್ಮ ಮಗನ ಮತ ಪೆಟ್ಟಿಗೆಗೆ ಬೀಳಲಿಲ್ಲ. ಬಿದ್ದದ್ದು ನನ್ನದು.

'ಹೌದು' ಅಂದದ್ದಕ್ಕೆ ನಾನು ನಿಮ್ಮವಳಾದರೆ, ಈಗ ನಾನು ಯಾರು ಅತ್ತೆ? ಮೂಳೆ ಇಲ್ಲದವರು ಅಂತ ಬರೆದಿರಿ. ನನ್ನಪ್ಪನ ಮೂಳೆ ಟಾರ್ನೂವ್‌ನಲ್ಲಿದೆ. ನನ್ನ ಗಂಡನದು ನಿಮ್ಮ ಊರಿನ ಮರಳಿನಲ್ಲಿದೆ. ಅದು ಲೆಕ್ಕಕ್ಕಿಲ್ಲವೇ?

ಸಿಟ್ಟಿನಿಂದ ಬರೆಯುತ್ತಿಲ್ಲ. ಕಲ್ಲಿನ ಮೇಲೆ ಅವನ ಹೆಸರು, ವರ್ಷ ಇದ್ದರೆ ಸಾಕು. 'ಬಡಗಿ' ಅಂತ ಇರಲಿ.

ಡೊರೋಟಾ


ಗ್ಲಾಸ್ಗೋ
೧೭ ಡಿಸೆಂಬರ್ ೨೦೧೪

ಅತ್ತೆಯವರಿಗೆ,

ಆರು ವಾರವಾಯಿತು. ಉತ್ತರ ಬರೆಯಿರಿ ಅಂತ ಕೇಳಲು ಇದನ್ನು ಬರೆಯುತ್ತಿಲ್ಲ. ಕ್ರಿಸ್‌ಮಸ್ ಮುನ್ನಾದಿನ ನಮ್ಮಲ್ಲಿ ಊಟಕ್ಕೆ ಮೊದಲು ತೆಳ್ಳಗಿನ ರೊಟ್ಟಿಯ ಹಾಳೆಯೊಂದನ್ನು ಮನೆಯವರೆಲ್ಲ ಮುರಿದು ಹಂಚಿಕೊಳ್ಳುತ್ತೇವೆ. ದೂರದವರಿಗೆ ಲಕೋಟೆಯಲ್ಲಿ ಕಳಿಸುತ್ತೇವೆ. ನಿಮ್ಮ ಪಾಲು ಇದರ ಜೊತೆಗಿದೆ. ದಾರಿಯಲ್ಲಿ ಪುಡಿಯಾಗಿದ್ದರೂ ನಡೆಯುತ್ತದೆ.

ಗ್ರೆಗರ್‌ಗೂ ಹೇಳಿದೆ. ನಿಮಗೆ ಹೇಳಿ ಅವರಿಗೆ ಹೇಳದೆ ಇರುವುದು ಸರಿಯಲ್ಲ ಅನ್ನಿಸಿತು. ಉಳಿ ಒರೆಸುತ್ತಿದ್ದವರು ಕೆಳಗಿಟ್ಟು, ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದರು. ಎದ್ದು ಹೋಗುತ್ತಾರೆ ಅಂದುಕೊಂಡೆ.

"ಬ್ಯಾಡ್ಜು ಬೇರೆ ಚುಚ್ಚಿದ್ನಲ್ಲೇ ನಾನು, ಕತ್ತೆ" ಅಂದರು. ಆಮೇಲೆ, "ನನ್ನ ಹೆಂಡತಿ ಶೋನಾ ಏನು ಹಾಕಿದಳು ಅಂತ ನಿನಗೆ ಗೊತ್ತಾ? ಎರಡು ವರ್ಷ ನನ್ನ ಕರಪತ್ರ ಮಡಚಿಕೊಟ್ಟವಳು, ಅಲ್ಲಿ ಹೋಗಿ ಬೇಡ ಅಂತ ಹಾಕಿ ಬಂದಿದ್ದಾಳೆ! ಮೂರು ದಿನ ನಾನು ಸೋಫಾ ಮೇಲೆ ಮಲಗಿದೆ. ನಾಲ್ಕನೇ ದಿನ ಬೆನ್ನು ಹಿಡೀತು, ಒಳಗೆ ಹೋದೆ. ಏನು ಮಾಡೋದು ಹೇಳು, ದೇಶ ಒಂದು ಕಡೆ, ಬೆನ್ನು ಒಂದು ಕಡೆ."

ಎಷ್ಟು ತಿಂಗಳಾಗಿತ್ತೋ ನಾನು ಹಾಗೆ ನಕ್ಕು. ಮುಂದಿನ ಶನಿವಾರವೂ ಬಂದರು.

ಮೋರ್ವನ್ ಅಜ್ಜಿಗೆ ಮುತ್ತು ಕಳಿಸಿದ್ದಾಳೆ. ಅವಳಿಗೆ ನಾನು ಏನೂ ಹೇಳಿಲ್ಲ.

ಡೊರೋಟಾ


ಹಾಲ್‌ಬೊಸ್ಟ್
೧೯ ಜನವರಿ ೨೦೧೫

ಮಗಳೇ,

ಮೊದಲು ಕ್ಷಮಿಸು. ಆಮೇಲೆ ಓದು.

ನಿನ್ನ ನವೆಂಬರ್ ಕಾಗದ ಬಂದ ದಿನ ಅದನ್ನ ಪಿಂಗಾಣಿ ತಟ್ಟೆಗಳ ಹಿಂದೆ ಇಟ್ಟೆ. ದಿನಾ ತಟ್ಟೆ ತಗೊಳ್ಳೋವಾಗ ಅದರ ಅಂಚು ಕಾಣ್ತಿತ್ತು. ಅದಕ್ಕೇ ಒಂದೇ ತಟ್ಟೆ ಇಟ್ಕೊಂಡು ತೊಳ್ಕೊಂಡು ತೊಳ್ಕೊಂಡು ತಿಂದೆ. ಎಪ್ಪತ್ತಾರು ವರ್ಷದ ಹೆಂಗಸಿನ ಜಂಬ ನೋಡು.

ಒಂಬತ್ತನೇ ತಾರೀಕು ಇಲ್ಲಿ ಬಿರುಗಾಳಿ ಬಂತು, ನೀನು ಸುದ್ದಿಯಲ್ಲಿ ನೋಡಿರ್ತೀಯ. ನನ್ನ ಬದುಕಲ್ಲಿ ಅಂಥದ್ದನ್ನ ಕಂಡಿಲ್ಲ. ಬೆಳಕು ಹರಿಯೋ ಹೊತ್ತಿಗೆ ಕೊಟ್ಟಿಗೆಯ ತಗಡು ಪೂರ್ತಿ ಹೋಗಿತ್ತು, ಕರೆಂಟಿಲ್ಲ, ಹಿಂದಿನ ಕೋಣೆಯ ಕಿಟಕಿ ಒಡೆದು ಮಳೆ ಒಳಗೆ. ನಾನು ಕೋಟು ಹಾಕ್ಕೊಂಡು ಮೆಟ್ಟಿಲ ಕೆಳಗೆ ಬೆಕ್ಕನ್ನ ತೊಡೆ ಮೇಲಿಟ್ಕೊಂಡು ಕೂತಿದ್ದೆ. ಬಾಗಿಲು ಬಡಿದಿದ್ದು ನನಗೆ ಕೇಳಿಸಲಿಲ್ಲ. ನೋಡ್ತೀನಿ, ಅಡುಗೆಮನೆಯಲ್ಲಿ ಕ್ಯಾಲಮ್! ಗೋಡೆ ಹಿಡ್ಕೊಂಡು, ಕೆಲವು ಕಡೆ ನಾಲ್ಕು ಕಾಲಲ್ಲಿ ಬಂದಿದ್ದಾನೆ. ಮೊಣಕಾಲೆಲ್ಲ ಕೆಸರು. ಎಪ್ಪತ್ತೆಂಟು ಅವನಿಗೆ.

"ಮಾತಾಡಬಾರದು ಅಂತಿದ್ರೆ ಮಾತಾಡಬೇಡ," ಅಂತ ಕಿವಿಯ ಹತ್ತಿರ ಕಿರುಚಿದ, "ಎದ್ದು ಬಾ."

ಅವನ ಮನೆಯಲ್ಲಿ ಜೌಗಿನ ಮಣ್ಣು ಒಣಗಿಸಿದ ಪೀಟ್ ಉರಿಸೋ ಒಲೆ ಇದೆ, ಬೆಚ್ಚಗಿತ್ತು. ಮೂರು ದಿನ ಅಲ್ಲೇ ಇದ್ದೆ. ಗಾಳಿ ಸ್ವಲ್ಪ ನಿಂತ ಮೇಲೆ, "ನಿನ್ನ ಮನೆಯಿಂದ ಏನು ತರಲಿ?" ಅಂತ ಕೇಳಿದ. ಮಾತ್ರೆ ಅಂದೆ. ಉಣ್ಣೆ, ಸೂಜಿ ಅಂದೆ. ಬಾಯಿ ತಪ್ಪಿ, ತಟ್ಟೆ ಹಿಂದಿರೋ ಕಾಗದ ಅಂದೆ.

ಅವನ ಒಲೆ ಮುಂದೆ ಕೂತು ಓದಿದೆ. ಮೊದಲ ಸಲ ಓದಿದಾಗ 'ಬೇಡ' ಅನ್ನೋ ಒಂದು ಮಾತು ಬಿಟ್ಟು ಏನೂ ಕಂಡಿರಲಿಲ್ಲ. ಈ ಸಲ ಆ ಮೇಜು ಕಂಡಿತು. ಕಾಗದ ಹರಡಿಕೊಂಡು ಒಬ್ಬಳೇ ಕೂತಿರೋ ನೀನು ಕಂಡೆ. ನಾನು ಅತ್ತಿದ್ದನ್ನ ನೋಡಿ ಕ್ಯಾಲಮ್ ಚಹಾ ತಂದ. ಅವನಿಗೆ ಎಲ್ಲಾ ಹೇಳಿದೆ.

"ಅಂದ್ರೆ ನಿನ್ನ ಸೊಸೆ ನಮ್ಮ ಪಾರ್ಟಿ!" ಅಂದ.

"ಬಾಯಿ ಮುಚ್ಚೋ."

"ನಾನು ಯಾಕೆ ಬೇಡ ಅಂದೆ ಅಂತ ಒಂದು ಸಲನಾದ್ರೂ ಕೇಳಿದ್ಯಾ ನೀನು? ಹೆದರಿದೆ ಕಣೇ. ಗಾಳಿಗೆ ಹೆದರಲ್ಲ, ಸಮುದ್ರಕ್ಕೆ ಹೆದರಲ್ಲ. ಈ ವಯಸ್ಸಲ್ಲಿ ಹೊಸದು ಏನೇ ಬಂದ್ರೂ ಹೆದರ್ತೀನಿ. ಆ ಹುಡುಗೀನೂ ಹೆದರಿದ್ದಾಳೆ. ಹೆದರಿದೋರನ್ನ ಹೊರಗೆ ನಿಲ್ಲಿಸಿ ಬಾಗಿಲು ಹಾಕ್ತಾರೇನೇ?"

ಇನ್ನು ನಾನು ಹೇಳಬೇಕಾದ್ದು. ಇದನ್ನ ಬರೆಯೋಕೆ ನನಗೂ ಮೂರು ಸಲ ಎದ್ದು ಕೂರಬೇಕಾಯ್ತು. ನನಗೆ ಗೊತ್ತಿತ್ತು, ಡೊರೋಟಾ. ಹೋದ ವರ್ಷ ಜನವರಿಯಲ್ಲಿ ಬಂದಾಗ ಕಿಟಕಿಗೆ ಚೀಟಿ ಅಂಟಿಸ್ತಾ ರೂರಿ ಹೇಳಿದ್ದ. "ಡೊರೋಟಾ ನನ್ನ ಜೊತೆ ಇಲ್ಲಮ್ಮ ಇದರಲ್ಲಿ. ಅವಳಿಗೆ ಭಯ ಇದೆ. ನಾನು ಬಲವಂತ ಮಾಡಲ್ಲ, ನೀನೂ ಮಾಡಬೇಡ." ನಗ್ತಾನೇ ಹೇಳಿದ್ದ. ಅವನು ಹೋದ ಮೇಲೆ ನಾನು ಆ ಮಾತನ್ನ ಬೇಕು ಅಂತಲೇ ಮರೆತೆ. ಅವನದ್ದು ಏನಾದ್ರೂ ಒಂದು ಉಳೀಬೇಕಿತ್ತು ನನಗೆ. ಫೋಟೋ ಬಂತು, ಹಿಡ್ಕೊಂಡೆ. ನೀನು ಹೇಳದೆ ಇದ್ದದ್ದು ಸುಳ್ಳಾದರೆ ನಾನು ನಿನಗೆ ಹೇಳಿದ ಥ್ಯಾಂಕ್ಸೂ ಸುಳ್ಳೇ.

ಈಗ ಹೇಳೋದು ನಿಜದ್ದು. ನಿಜ ಬರೆದೆಯಲ್ಲ, ಅದಕ್ಕೆ ಥ್ಯಾಂಕ್ಸ್. ಉತ್ತರ ಕೊಡದೆ ಇದ್ದ ಮುದುಕಿಗೂ ರೊಟ್ಟಿಯ ಪಾಲು ಕಳಿಸಿದೆಯಲ್ಲ, ಅದಕ್ಕೂ. ಪುಡಿಯಾಗಿತ್ತು. ಬೆರಳಿಗೆ ಅಂಟಿಸಿಕೊಂಡು ತಿಂದೆ. ಮೂಳೆಯ ಮಾತು ಬರೆದ ಕೈ ನಂದೇ. ನಾಚಿಕೆಯಾಗ್ತದೆ. ಯಾರ್ಕ್‌ಶೈರ್‌ನವರು ಬಿರುಗಾಳಿಯ ಎರಡನೇ ದಿನ ಊರಿನ ಎಲ್ಲಾ ಮುದುಕರ ಮನೆಗೆ ಫ್ಲಾಸ್ಕಿನಲ್ಲಿ ಬಿಸಿ ಸೂಪ್ ಹೊತ್ತು ತಂದ್ರು. ನಾನು ಮುಖ ತಿರುಗಿಸಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲವಂತೆ, ಮೊಟ್ಟೆ ಸರಿಯಿರಲಿಲ್ಲವೇನೋ ಅಂದುಕೊಂ‌ಡಿದ್ರಂತೆ!

ನಮ್ಮ ಚರ್ಚಿನೋರು ಈಸ್ಟರ್ ಆಚರಿಸೋರಲ್ಲ, ಆದರೆ ಶಾಲೆಗೆ ರಜೆ ಇರುತ್ತಲ್ಲ. ಮೋರ್ವನ್‌ನ ಕರ್ಕೊಂಡು ಬಾ. ಕಲ್ಲು ಅಷ್ಟರಲ್ಲಿ ಬರುತ್ತೆ. ನೀನಿಲ್ಲದೆ ನಿಲ್ಲಿಸಲ್ಲ.

ನಿನ್ನ ಅತ್ತೆ,
ಮರ್ಸೇಲಿ


ಗ್ಲಾಸ್ಗೋ
೧೪ ಏಪ್ರಿಲ್ ೨೦೧೫

ಪ್ರೀತಿಯ ಅತ್ತೆ,

ನಿನ್ನೆ ಸಂಜೆ ಮನೆ ಸೇರಿದೆವು. ನೀವು ಕಟ್ಟಿಕೊಟ್ಟ ಬುತ್ತಿ ದೋಣಿ ಉಲ್ಲಾಪೂಲ್ ಬಂದರು ಸೇರುವ ಮೊದಲೇ ಖಾಲಿ. ಮೋರ್ವನ್ ದೋಣಿಯ ಹಿಂಭಾಗದಲ್ಲಿ ನಿಂತು ದ್ವೀಪ ಕಾಣದೆ ಹೋಗುವ ತನಕ ಕೈ ಬೀಸಿದಳು. ಅಜ್ಜಿಗೆ ಕಾಣಲ್ಲ ಕಣೇ ಅಂದರೆ, "ಕೇಳಲ್ಲ ಅಷ್ಟೇ, ಕಾಣುತ್ತೆ" ಅಂದಳು.

ಎದುರಿಗೆ ಹೇಳಲು ಆಗದೆ ಇದ್ದದ್ದನ್ನು ಬರೆಯುತ್ತೇನೆ. ಇಂಗ್ಲಿಷು, ಮನೆಯಲ್ಲಿ ದ್ವೀಪದ ಭಾಷೆ ಆಡಿ ಬೆಳೆದ ನಿಮಗೂ ಶಾಲೆಯಲ್ಲಿ ಪೆಟ್ಟು ತಿಂದು ಬಂದ ಭಾಷೆ, ನನಗೂ ಬಂದು ಕಲಿತ ಭಾಷೆ. ಅದಕ್ಕೇ ಇರಬೇಕು, ನಮ್ಮಿಬ್ಬರಿಗೂ ಬಾಯಲ್ಲಿ ಬರದೆ ಇರುವುದು ಕಾಗದದಲ್ಲಿ ಬರುತ್ತೆ.

ಕಲ್ಲು ನೋಡಿದಾಗ ರೂರಿಯ ಹೆಸರಿನ ಕೆಳಗೆ ಅರ್ಧ ಕಲ್ಲು ಖಾಲಿ ಬಿಟ್ಟದ್ದು ಯಾಕೆ ಅಂತ ನನಗೆ ತಕ್ಷಣ ಹೊಳೆಯಲಿಲ್ಲ. ಕಲ್ಲುಕುಟಿಗನನ್ನು ಕೇಳಿದೆ. ಅವನು ನಿಮ್ಮ ಕಡೆ ನೋಡಿದ. ನೀವು ಸಮುದ್ರದ ಕಡೆ ನೋಡುತ್ತಾ, "ಅವಸರ ಇಲ್ಲ. ಐವತ್ತು ವರ್ಷ ಬಿಟ್ಟು ತುಂಬಿಸಿದ್ರೆ ಸಾಕು. ಬೇಡ ಅಂತಿದ್ರೆ ಖಾಲಿ ಇರಲಿ, ನಿನ್ನಿಷ್ಟ" ಅಂದಿರಿ. ನನ್ನ ಹೆಸರಿಗೆ ಅಂತ ಬಿಟ್ಟ ಆ ಜಾಗದ ಮೇಲೆ ಕೈಯಿಟ್ಟೆ.

ಆಮೇಲೆ ಊರಿನ ಸಭಾಂಗಣದಲ್ಲಿ ಚಹಾ. ನಾನು ಹೆದರಿಕೊಂಡೇ ಬಂದಿದ್ದೆ, ನಿಮಗೆ ಹೇಳಿರಲಿಲ್ಲ. ಅಂಗಡಿ ಪೆಗಿ ಕೈಯಲ್ಲಿ ಕೇಕಿನ ತಟ್ಟೆ ಹಿಡಿದು ಬಂದು, ಎಲ್ಲರೂ ಇದ್ದ ಕಡೆ ಕೇಳಿಯೇಬಿಟ್ಟರು: "ನೀವು ಹೊರದೇಶದೋರೆಲ್ಲ ಬೇಡ ಅಂತ ಹಾಕಿದ್ರಂತಲ್ಲ? ನೀನು ಏನು ಹಾಕಿದೆಯಮ್ಮ?"

ಚಹಾದ ಕಪ್ಪನ್ನು ಮೇಜಿನ ಮೇಲಿಟ್ಟೆ. ನಿಜ ಹೇಳಿಬಿಡೋಣ ಅಂತ ಬಾಯಿ ತೆರೆದೆ. ನಿಮಗೆ ಅದು ಹೇಗೆ ಕೇಳಿಸಿತೋ! ಬಾಗಿಲ ಹತ್ತಿರದಿಂದ, ನಿಮ್ಮ ಆ ದೊಡ್ಡ ಗಂಟಲಿನಲ್ಲಿ, "ಪೆಗೀ, ಅವಳು ನನ್ನ ಸೊಸೆ. ಚಹಾಕ್ಕೆ ಎಷ್ಟು ಸಕ್ಕರೆ ಹಾಕ್ತಾಳೆ ಅಂತ ಬೇಕಾದ್ರೆ ಕೇಳು. ಎರಡು ಚಮಚ. ಮತದ ಪೆಟ್ಟಿಗೆಗೆ ಏನು ಹಾಕಿದಳು ಅನ್ನೋದು ಅವಳಿಗೆ ಗೊತ್ತು, ದೇವರಿಗೆ ಗೊತ್ತು, ನನಗೆ ಗೊತ್ತು. ನಾವು ಮೂರು ಜನ ಜಗಳ ಆಡಿ ರಾಜಿ ಆಗಿದ್ದೀವಿ. ನಾಲ್ಕನೆಯೋರು ಬೇಡ" ಅಂದಿರಿ.

ಮೊದಲು ನಕ್ಕದ್ದು ಪಾದ್ರಿಯೇ. ಆಮೇಲೆ ಪೆಗಿ ಕೆಂಪಾಗಿ, ನನ್ನ ತಟ್ಟೆಗೆ ದೊಡ್ಡ ತುಂಡು ಕೇಕ್ ಹಾಕಿ, "ತಪ್ಪು ತಿಳ್ಕೋಬೇಡಮ್ಮ, ರೂರಿ ನಮ್ಮೆದುರಿಗೆ ಬೆಳೆದ ಹುಡುಗ" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ದುಃಖ ಅದು.

ಈ ದೇಶಕ್ಕೆ ಬಂದು ಒಂಬತ್ತು ವರ್ಷಕ್ಕಿಂತ ಜಾಸ್ತಿಯಾಯಿತು ಅತ್ತೆ. ಯಾವ ಸರ್ಕಾರ ಬಂದರೆ ನಾನು ಇಲ್ಲಿ ಇರಬಹುದು, ಯಾವ ಕಾಗದ ಇದ್ದರೆ ಇರಬಹುದು ಅಂತ ಲೆಕ್ಕ ಹಾಕುತ್ತಲೇ ಇದ್ದೆ. ಅವತ್ತು ಆ ಸಭಾಂಗಣದಲ್ಲಿ ಲೆಕ್ಕ ಮರೆತುಹೋಯಿತು. ಥ್ಯಾಂಕ್ಸ್ ಅನ್ನುವುದು ಸಣ್ಣ ಮಾತು, ಆದರೆ ನನ್ನ ಹತ್ತಿರ ಬೇರೆ ಇಲ್ಲ.

ಒಂದು ಸುದ್ದಿ. ಆಗ್ನೆಸ್ ನಿವೃತ್ತರಾಗುತ್ತಿದ್ದಾರೆ, ಮುಖ್ಯ ಅಡುಗೆಯವಳಾಗಿ ನನ್ನನ್ನೇ ಕೇಳಿದ್ದಾರೆ. ಸಂತೋಷವಾಯಿತು. ಆದರೆ ಬೆಳಿಗ್ಗೆ ಆರೂವರೆಗೆ ಹೋಗಬೇಕು, ಮೋರ್ವನ್‌ಳನ್ನು ಏಳಿಸಿ ಶಾಲೆಗೆ ಕಳಿಸುವವರು ಯಾರೂ ಇಲ್ಲ. ಆಗಲ್ಲ ಅಂತ ಹೇಳಬೇಕು. ಮೇ ಕೊನೆಯ ತನಕ ಸಮಯ ಕೊಟ್ಟಿದ್ದಾರೆ. ಇರಲಿ ಬಿಡಿ, ಕೇಳಿದರಲ್ಲ, ಅಷ್ಟೇ ಸಾಕು.

ಕ್ಯಾಲಮ್ ಅವರಿಗೆ ನನ್ನ ನಮಸ್ಕಾರ.

ನಿಮ್ಮ ಸೊಸೆ,
ಡೊರೋಟಾ


ಹಾಲ್‌ಬೊಸ್ಟ್
೯ ಮೇ ೨೦೧೫

ಮಗಳೇ,

ಗುರುವಾರ ಪಾರ್ಲಿಮೆಂಟಿನ ಚುನಾವಣೆ ಆಯ್ತಲ್ಲ, ಕ್ಯಾಲಮ್‌ನ ವ್ಯಾನಿನಲ್ಲೇ ಹೋದೆ. ದಾರಿಯುದ್ದಕ್ಕೂ ಜಗಳ. "ನಿನ್ನ ಮತ ನಾನು ಹೊಡೀತೀನಿ, ನನ್ನ ಮತ ನೀನು ಹೊಡೀತೀಯ, ಸುಮ್ಮನೆ ಪೆಟ್ರೋಲು ದಂಡ, ಮನೇಲೇ ಇರೋಣ್ವಾ?" ಅಂದ. "ನೀನು ಇರು, ನಾನು ಹೋಗ್ತೀನಿ" ಅಂದೆ. ಇಬ್ಬರೂ ಹೋದ್ವಿ.

ಬೇರೆ ದೇಶದ ಪಾಸ್‌ಪೋರ್ಟಿನವಳು, ಈ ಸಲ ನಿನಗೆ ಮತ ಇಲ್ಲ ಅಂತ ಅವನೇ ಹೇಳಿದ್ದು. ನನಗೆ ಗೊತ್ತೇ ಇರಲಿಲ್ಲ. ದೇಶ ಒಂದಾಗಿರಬೇಕಾ ಎರಡಾಗಬೇಕಾ ಅಂತ ನಿನ್ನ ಕೇಳ್ತಾರೆ, ಪಾರ್ಲಿಮೆಂಟಿಗೆ ಯಾರು ಹೋಗಬೇಕು ಅಂತ ಕೇಳಲ್ಲ. ಯಾವ ನ್ಯಾಯ ಇದು? ಪೆನ್ಸಿಲ್ ಹಿಡ್ಕೊಂಡು, ಡೊರೋಟಾಗೆ ಮತ ಇದ್ದಿದ್ರೆ ಯಾರಿಗೆ ಹಾಕ್ತಿದ್ದಳು ಅಂತ ಸ್ವಲ್ಪ ಹೊತ್ತು ಯೋಚಿಸಿದೆ. ಆಮೇಲೆ ನನಗಿಷ್ಟ ಬಂದೋರಿಗೆ ಹಾಕಿದೆ. ನೀನು ಬೈಯಲ್ಲ ಅಂತ ಗೊತ್ತು.

ಈಗ ವಿಷಯಕ್ಕೆ ಬರ್ತೀನಿ. ಅಡುಗೆಮನೆಯ ಕೆಲಸಕ್ಕೆ ಆಗಲ್ಲ ಅಂತ ಇನ್ನೂ ಹೇಳಿಲ್ಲ ತಾನೇ? ಹೇಳಬೇಡ. ನಾನು ಎಪ್ಪತ್ತಾರು ವರ್ಷದಿಂದ ಐದು ಗಂಟೆಗೆ ಏಳ್ತಿದ್ದೀನಿ. ಕೋಳಿಗೆ, ಕುರಿಗೆ, ಗಂಡನಿಗೆ, ಮಗನಿಗೆ ಅಂತ ಎದ್ದವಳು ಈಗ ಸುಮ್ಮನೆ ಎದ್ದು ಕೂತಿರ್ತೀನಿ. ಒಂದು ಹುಡುಗಿಗೆ ಜಡೆ ಹಾಕಿ ಗಂಜಿ ಕುಡಿಸಿ ಶಾಲೆಗೆ ಕಳಿಸೋಕೆ ಕಿವಿ ಬೇಕಾ? ಬೆಕ್ಕನ್ನ ಕ್ಯಾಲಮ್ ನೋಡ್ಕೊಳ್ತಾನೆ. ಒಲೆಯ ಹತ್ತಿರ ಅದಕ್ಕೆ ಆಗಲೇ ಜಾಗ ಮಾಡಿದ್ದಾನೆ. ಆ ಜಾಗ ನೋಡಿದ್ರೆ ನಾನು ಬೇಗ ಬರಲಿ ಅಂತ ಅವನಿಗೇನೂ ಆಸೆ ಇದ್ದ ಹಾಗಿಲ್ಲ.

ಮುಂದಿನ ಸೋಮವಾರ ಹದಿನೆಂಟನೇ ತಾರೀಕು ಬೆಳಗಿನ ದೋಣಿಗೆ ಹೊರಡ್ತೀನಿ. ಸಂಜೆ ಬಸ್ ನಿಲ್ದಾಣಕ್ಕೆ ಬಾ. ಎಷ್ಟು ದಿನಕ್ಕೆ ಬರ್ತಿದ್ದೀರಿ ಅಂತ ಕೇಳಬೇಡ. ಟಿಕೆಟ್ ಕೊಡೋ ಹುಡುಗಿಯೂ ಅದನ್ನೇ ಕೇಳಿದಳು, ವಾಪಸ್ ಯಾವಾಗ ಅಜ್ಜೀ ಅಂತ. ಹೋಗೋಕೆ ಮಾತ್ರ ಕೊಡಮ್ಮ ಅಂದೆ.

ನಿನ್ನ,
ಮರ್ಸೇಲಿ